ಸೈನ್ಸ್ ಫಿಕ್ಷನ್ ನೋಡಿದರೆ ಮಕ್ಕಳು ಸಲಿಂಗಿಗಳಾಗುತ್ತಾರೆಯೇ? ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಓದಿ

ಅನ್ಯಗ್ರಹ, ರೋಬೋಟ್, ಸೂಪರ್ ಹೀರೋ ಕತೆಗಳ ನೆಪದಲ್ಲಿ ವಿದೇಶಿ ಕಂಪನಿಗಳು ನಮ್ಮ ಮಕ್ಕಳಿಗೆ ಸಲಿಂಗಕಾಮ ಕಲಿಸುತ್ತಿವೆ, ಈ ಸಿನಿಮಾಗಳನ್ನು ನೋಡಿದ ಮಕ್ಕಳು ಹಾಗೇ ಆಗುತ್ತಾರೆ, ತಕ್ಷಣ ಎಲ್ಲ ಪಾಲಕರಿಗೂ ಕಳಿಸಿ. ಈ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ ಯಾವುದೋ ಸಿನಿಮಾದಿಂದ ಕತ್ತರಿಸಿದ ಹತ್ತು ಸೆಕೆಂಡಿನ ತುಣುಕು ಇರುತ್ತದೆ.

ನಾವು ಬರೆಯುತ್ತಿರುವುದು ಕೊಪ್ಪಳ ಜಿಲ್ಲೆಯ ಸಿದ್ದಾಪುರದಿಂದ. ತುಂಗಭದ್ರೆಯ ಕಾಲುವೆ ನೀರು ಹರಿಯುವ, ಭತ್ತ ಬೆಳೆಯುವ ಸೀಮೆ ಇದು. ಇಂಥ ಊರುಗಳಲ್ಲಿ ಈಗ ಸಿನಿಮಾ ನೋಡುವುದು ಹೆಚ್ಚಾಗಿ ಫೋನಿನಲ್ಲೇ. ಮಕ್ಕಳು ಏನು ನೋಡುತ್ತಿದ್ದಾರೆ ಎಂಬ ಚಿಂತೆ ಪಾಲಕರಿಗೆ ಇರುವುದು ಸಹಜ. ಆದ್ದರಿಂದ ಈ ಸಂದೇಶದ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

ಚುಟುಕಾಗಿ ಉತ್ತರ

• ಸೈನ್ಸ್ ಫಿಕ್ಷನ್ ಸಿನಿಮಾ, ಧಾರಾವಾಹಿಗಳಲ್ಲಿ ಸಲಿಂಗಿ ಪಾತ್ರಗಳು ಇವೆಯೇ? ಇವೆ. ಆದರೆ ಹೆಚ್ಚಿನವು ಬಂದದ್ದು ಇತ್ತೀಚೆಗೆ. ದೊಡ್ಡ ಸಿನಿಮಾಗಳಲ್ಲಿ ಅವರಿಗೆ ಸಿಕ್ಕಿರುವ ಸಮಯ ತೀರಾ ಕಡಿಮೆ.
• ಅವನ್ನು ನೋಡಿದ್ದರಿಂದ ಯಾರಾದರೂ ಸಲಿಂಗಿಗಳಾಗುತ್ತಾರೆಯೇ? ಇಲ್ಲ. ಅದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ.
• ಸಲಿಂಗಾಸಕ್ತಿ ರೋಗವೇ? ಅಲ್ಲ. "ಗುಣಪಡಿಸುತ್ತೇವೆ" ಎನ್ನುವ ಚಿಕಿತ್ಸೆ ಭಾರತದಲ್ಲಿ ವೈದ್ಯರ ವೃತ್ತಿ ದುರ್ನಡತೆ.
• ಅಪರಾಧವೇ? 2018ರಿಂದ ಅಲ್ಲ.

ಮೊದಲು ಪದಗಳ ಗೊಂದಲ ಬಗೆಹರಿಸೋಣ

ಫಾರ್ವರ್ಡ್‌ಗಳಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಚೀಲಕ್ಕೆ ತುಂಬಿರುತ್ತಾರೆ. ಒಬ್ಬರಿಗೆ ಯಾರ ಮೇಲೆ ಪ್ರೀತಿ, ಆಕರ್ಷಣೆ ಹುಟ್ಟುತ್ತದೆ ಎಂಬುದು ಒಂದು ವಿಷಯ. ಗಂಡಸಿಗೆ ಗಂಡಸಿನ ಮೇಲೆ ಹುಟ್ಟಿದರೆ ಗೇ, ಹೆಂಗಸಿಗೆ ಹೆಂಗಸಿನ ಮೇಲೆ ಹುಟ್ಟಿದರೆ ಲೆಸ್ಬಿಯನ್ ಎನ್ನುತ್ತಾರೆ. ಕನ್ನಡದಲ್ಲಿ ಇಬ್ಬರಿಗೂ ಸಲಿಂಗಿ ಎಂಬ ಪದ ಬಳಕೆಯಲ್ಲಿದೆ. ತಾನು ಗಂಡೋ ಹೆಣ್ಣೋ ಎಂದು ಒಬ್ಬರು ಒಳಗಿನಿಂದ ತಿಳಿದುಕೊಳ್ಳುವುದು ಇನ್ನೊಂದು ವಿಷಯ. ಹುಟ್ಟಿದಾಗ ಗಂಡು ಎಂದು ಬರೆಸಿದ್ದರೂ ತಾನು ಹೆಣ್ಣೆಂದೇ ಬಾಳುವವರು ಲಿಂಗತ್ವ ಅಲ್ಪಸಂಖ್ಯಾತರು.

ಎರಡನೆಯದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಮುನಿರಾಬಾದ್ ಹತ್ತಿರದ ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗಪ್ಪಂದಿರನ್ನು ಕಂಡೇ ನಾವು ಬೆಳೆದವರು. ಅದೇ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಜೋಗತಿ ಪರಂಪರೆ ಯಾವ ವಿದೇಶಿ ಸಿನಿಮಾದಿಂದಲೂ ಬಂದದ್ದಲ್ಲ.

ಆದರೆ ಎಲ್ಲರಂತೆ ಪ್ಯಾಂಟು, ಅಂಗಿ ತೊಟ್ಟು, ಎಲ್ಲರಂತೆ ಕೆಲಸಕ್ಕೆ ಹೋಗುವ, ಇನ್ನೊಬ್ಬ ಗಂಡಸನ್ನು ಪ್ರೀತಿಸುವ ಗಂಡಸಿಗೆ ಜಾತ್ರೆಯಲ್ಲೂ ಜಾಗವಿಲ್ಲ, ತೆರೆಯ ಮೇಲೂ ಜಾಗವಿರಲಿಲ್ಲ. ಈ ಲೇಖನ ಮುಖ್ಯವಾಗಿ ಅವರ ಬಗ್ಗೆ.

ಮಾತು 1: "ಸೈನ್ಸ್ ಫಿಕ್ಷನ್ ತುಂಬ ಬರೀ ಇದೇ"

ಇತಿಹಾಸ ಬೇರೆಯೇ ಹೇಳುತ್ತದೆ. ಹಾಲಿವುಡ್‌ನಲ್ಲಿ 1934ರಿಂದ ಹೇಸ್ ಕೋಡ್ ಎಂಬ ನೀತಿ ಸಂಹಿತೆ ಕಟ್ಟುನಿಟ್ಟಾಗಿ ಜಾರಿಗೆ ಬಂತು. ಅದರ ಪ್ರಕಾರ ಸಲಿಂಗ ಸಂಬಂಧದ ಸುಳಿವನ್ನೂ ಸಿನಿಮಾದಲ್ಲಿ ಕೊಡುವಂತಿರಲಿಲ್ಲ. ಆ ಸಂಹಿತೆ ಪೂರ್ತಿ ಹೋದದ್ದು 1968ರಲ್ಲಿ. ಅಂದರೆ ಫ್ರಾಂಕನ್‌ಸ್ಟೈನ್‌ನ ರಾಕ್ಷಸನನ್ನು ತೋರಿಸಬಹುದಿತ್ತು, ಮಂಗಳ ಗ್ರಹದಿಂದ ಬಂದವರನ್ನು ತೋರಿಸಬಹುದಿತ್ತು, ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ಗಂಡಸರನ್ನು ಮಾತ್ರ ತೋರಿಸುವಂತಿರಲಿಲ್ಲ. ತಮಾಷೆ ಎಂದರೆ, 1931ರ ಫ್ರಾಂಕನ್‌ಸ್ಟೈನ್ ಮತ್ತು 1935ರ ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್ ಎಂಬ ಪ್ರಸಿದ್ಧ ಚಿತ್ರಗಳನ್ನು ನಿರ್ದೇಶಿಸಿದ ಜೇಮ್ಸ್ ವೇಲ್ ಸ್ವತಃ ಗೇ.

ಟಿವಿಯಲ್ಲೂ ಕತೆ ಹೆಚ್ಚು ಬೇರೆಯಲ್ಲ. ಸ್ಟಾರ್ ಟ್ರೆಕ್ ಧಾರಾವಾಹಿ ಶುರುವಾದದ್ದು 1966ರಲ್ಲಿ. ಬೇರೆ ಬೇರೆ ದೇಶ, ಬಣ್ಣ, ಗ್ರಹಗಳ ಜನ ಒಂದೇ ಬಾಹ್ಯಾಕಾಶ ನೌಕೆಯಲ್ಲಿ ಕೆಲಸ ಮಾಡುವ ಭವಿಷ್ಯವನ್ನು ಅದು ಕಲ್ಪಿಸಿತ್ತು. ಅದರಲ್ಲಿ ಸುಲು ಎಂಬ ಅಧಿಕಾರಿಯ ಪಾತ್ರ ಮಾಡಿದ ಜಾರ್ಜ್ ಟಕೇಯಿ ನಿಜ ಜೀವನದಲ್ಲಿ ಗೇ. ಅದನ್ನು ಅವರು ಬಹಿರಂಗವಾಗಿ ಹೇಳಿದ್ದು 2005ರಲ್ಲಿ, ಧಾರಾವಾಹಿ ಶುರುವಾಗಿ ಸುಮಾರು 40 ವರ್ಷಗಳ ನಂತರ. ಸ್ಟಾರ್ ಟ್ರೆಕ್ ಸರಣಿಯ ಯಾವುದೇ ಧಾರಾವಾಹಿಯಲ್ಲಿ ಮುಚ್ಚುಮರೆಯಿಲ್ಲದ ಗೇ ಜೋಡಿ ಮುಖ್ಯ ಪಾತ್ರಗಳಾಗಿ ಬಂದದ್ದು 2017ರ ಸ್ಟಾರ್ ಟ್ರೆಕ್: ಡಿಸ್ಕವರಿಯಲ್ಲಿ. ಅವರಲ್ಲಿ ಒಬ್ಬ ವಿಜ್ಞಾನಿ, ಇನ್ನೊಬ್ಬ ವೈದ್ಯ. ಬೆಳಕಿಗಿಂತ ವೇಗದ ನೌಕೆಯನ್ನು ಮೊದಲ ಕಂತಿನಲ್ಲೇ ಕಲ್ಪಿಸಿಕೊಂಡವರಿಗೆ ಈ ಇಬ್ಬರನ್ನು ಕಲ್ಪಿಸಿಕೊಳ್ಳಲು 51 ವರ್ಷ ಬೇಕಾಯಿತು.

ನಡುವೆ ಕೆಲವು ಪ್ರಯತ್ನಗಳು ಆಗಿದ್ದವು. 1995ರಲ್ಲಿ ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್‌ನ ಒಂದು ಕಂತಿನಲ್ಲಿ ಇಬ್ಬರು ಹೆಣ್ಣು ಪಾತ್ರಗಳು ಚುಂಬಿಸಿದರು. 2005ರಲ್ಲಿ ಬ್ರಿಟನ್ನಿನ ಡಾಕ್ಟರ್ ಹೂ ಧಾರಾವಾಹಿಗೆ ಕ್ಯಾಪ್ಟನ್ ಜ್ಯಾಕ್ ಎಂಬ ಪಾತ್ರ ಬಂತು. ಅವನು ಬಂದದ್ದು 51ನೇ ಶತಮಾನದಿಂದ. ಅಲ್ಲಿ ಯಾರು ಯಾರನ್ನು ಪ್ರೀತಿಸಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 2016ರಲ್ಲಿ ಬ್ಲ್ಯಾಕ್ ಮಿರರ್ ಸರಣಿಯ ಸ್ಯಾನ್ ಜುನಿಪೆರೊ ಎಂಬ ಕಂತು ಇಬ್ಬರು ಹೆಂಗಸರ ಪ್ರೀತಿಯ ಕತೆ ಹೇಳಿತು. ಸಾವಿನ ನಂತರ ಮನಸ್ಸನ್ನು ಕಂಪ್ಯೂಟರಿನಲ್ಲಿ ಉಳಿಸಬಹುದಾದರೆ ಏನಾಗಬಹುದು ಎಂಬುದು ಅದರ ವಿಷಯ. ಮರುವರ್ಷ ಅದಕ್ಕೆ ಎಮ್ಮಿ ಪ್ರಶಸ್ತಿ ಬಂತು. 2023ರ ದಿ ಲಾಸ್ಟ್ ಆಫ್ ಅಸ್ ಧಾರಾವಾಹಿಯ ಮೂರನೇ ಕಂತಿನಲ್ಲಿ, ಶಿಲೀಂಧ್ರದ ಸೋಂಕಿನಿಂದ ಜಗತ್ತು ಹಾಳಾದ ಮೇಲೆ ಇಬ್ಬರು ಗಂಡಸರು ಒಂದೇ ಮನೆಯಲ್ಲಿ ವಯಸ್ಸಾಗುವವರೆಗೆ ಬಾಳುತ್ತಾರೆ.

ಬಂದ ಪಾತ್ರಗಳ ಗತಿಯೂ ಒಂದೇ ಥರ ಇತ್ತು. ಇಬ್ಬರು ಒಂದಾದರು ಎನ್ನುವಷ್ಟರಲ್ಲಿ ಒಬ್ಬರನ್ನು ಸಾಯಿಸಿಬಿಡುವುದು. ದಿ ಹಂಡ್ರೆಡ್ ಎಂಬ ಧಾರಾವಾಹಿಯಲ್ಲಿ ಲೆಕ್ಸಾ ಎಂಬ ಪಾತ್ರವನ್ನು 2016ರಲ್ಲಿ ಹೀಗೆಯೇ ಕೊಂದಾಗ ಪ್ರೇಕ್ಷಕರು ದೊಡ್ಡ ಪ್ರತಿಭಟನೆ ಮಾಡಿದರು. ನಿಮ್ಮಂಥವರ ಪ್ರೀತಿಗೆ ಸಾವೇ ಕೊನೆ ಎಂದು ಪ್ರತಿ ಕತೆಯೂ ಹೇಳುತ್ತಿದ್ದರೆ ಹದಿಹರೆಯದ ಸಲಿಂಗಿ ಮಕ್ಕಳು ಏನೆಂದುಕೊಳ್ಳಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು.

ಮಾತು 2: "ಮಕ್ಕಳ ಸಿನಿಮಾಗಳಲ್ಲೂ ತುರುಕಿದ್ದಾರೆ"

ಇಲ್ಲಿ ಮೂರು ಸಿನಿಮಾಗಳ ಹೆಸರು ಪದೇ ಪದೇ ಬರುತ್ತದೆ. ಒಂದೊಂದರಲ್ಲೂ ಏನಿದೆ ಎಂದು ನೋಡೋಣ.

ಸ್ಟಾರ್ ವಾರ್ಸ್: ದಿ ರೈಸ್ ಆಫ್ ಸ್ಕೈವಾಕರ್ (2019): ಯುದ್ಧ ಗೆದ್ದ ಸಂಭ್ರಮದ ಗುಂಪಿನಲ್ಲಿ ಇಬ್ಬರು ಹೆಂಗಸರು ಚುಂಬಿಸುತ್ತಾರೆ. ದೃಶ್ಯ ಇರುವುದು ಕೆಲವೇ ಸೆಕೆಂಡು. ಸಿಂಗಪುರದಲ್ಲಿ ಅದನ್ನೂ ಕತ್ತರಿಸಿದರು.

ಎಟರ್ನಲ್ಸ್ (2021): ಮಾರ್ವೆಲ್‌ನ ಈ ಚಿತ್ರದಲ್ಲಿ ಫಾಸ್ಟಸ್ ಎಂಬ ಸೂಪರ್ ಹೀರೋಗೆ ಗಂಡ ಮತ್ತು ಒಬ್ಬ ಮಗ ಇದ್ದಾರೆ. ಜಗತ್ತನ್ನು ಉಳಿಸಲು ಹೊರಡುವ ಮುನ್ನ ಗಂಡನಿಗೆ ಮುತ್ತು ಕೊಟ್ಟು ಹೊರಡುತ್ತಾನೆ. ಸೌದಿ ಅರೇಬಿಯಾ, ಕುವೈತ್, ಕತಾರ್‌ಗಳಲ್ಲಿ ಈ ಚಿತ್ರ ಬಿಡುಗಡೆಯಾಗಲಿಲ್ಲ. ಭಾರತದಲ್ಲಿ ಬಿಡುಗಡೆಯಾಯಿತು. ಕನ್ನಡಕ್ಕೂ ಡಬ್ ಆಗಿ ಬಂತು.

ಲೈಟ್‌ಇಯರ್ (2022): ಈ ಆ್ಯನಿಮೇಷನ್ ಚಿತ್ರದಲ್ಲಿ ಹಾಥಾರ್ನ್ ಎಂಬ ಗಗನಯಾತ್ರಿ ಹೆಂಗಸು ತನ್ನ ಹೆಂಡತಿಗೆ ಒಂದು ಮುತ್ತು ಕೊಡುತ್ತಾಳೆ. ಆ ದೃಶ್ಯವನ್ನು ಮೊದಲು ತೆಗೆದುಹಾಕಿದ್ದರು. ಸ್ಟುಡಿಯೋದ ನೌಕರರೇ ದನಿ ಎತ್ತಿದ ಮೇಲೆ ಮತ್ತೆ ಸೇರಿಸಿದರು. ಯುಎಇ, ಮಲೇಷ್ಯಾ ಸೇರಿ ಹಲವು ದೇಶಗಳಲ್ಲಿ ಚಿತ್ರ ಬಿಡುಗಡೆಯಾಗಲಿಲ್ಲ.

ಮೂರರಲ್ಲೂ ಇರುವುದು ಮುತ್ತು ಮತ್ತು ಸಂಸಾರ. ಅಶ್ಲೀಲ ಎನ್ನುವಂಥ ಸಲಿಂಗ ದೃಶ್ಯ ಈ ಮೂರರಲ್ಲಿ ಯಾವುದರಲ್ಲೂ ಇಲ್ಲ. ತುಣುಕು ಕತ್ತರಿಸಿ, ಕೆಂಪು ಬಾಣ ಹಾಕಿ, ಭಯದ ಸಂಗೀತ ಸೇರಿಸಿದಾಗ ಅದು ಬೇರೆಯೇ ಥರ ಕಾಣುತ್ತದೆ, ಅಷ್ಟೇ.

ಇನ್ನೊಂದು ಮಾತನ್ನೂ ಯೋಚಿಸಿ. 2002ರಲ್ಲಿ ಉಪೇಂದ್ರ ಅವರ ಹಾಲಿವುಡ್ ಚಿತ್ರದಲ್ಲಿ ರೋಬೋಟ್ ಬಂದಾಗ ನಾವು ಚಪ್ಪಾಳೆ ತಟ್ಟಿದೆವು. 2010ರಲ್ಲಿ ರಜನಿಕಾಂತ್ ಅವರ ಎಂದಿರನ್ ಚಿತ್ರದಲ್ಲಿ ಚಿಟ್ಟಿ ಎಂಬ ಯಂತ್ರ ಹುಡುಗಿಯನ್ನು ಪ್ರೀತಿಸಿತು. ತಂತಿ, ಕಬ್ಬಿಣದ ಪ್ರೀತಿಯನ್ನು ಮನೆ ಮಂದಿಯೆಲ್ಲ ಕೂತು ನೋಡಿದೆವು. ಅದರಿಂದ ಮಕ್ಕಳು ಯಂತ್ರಗಳನ್ನು ಪ್ರೀತಿಸಿಯಾರು ಎಂದು ಯಾರೂ ಹೆದರಲಿಲ್ಲ.

ಮಾತು 3: "ನೋಡಿದರೆ ಹಾಗೇ ಆಗುತ್ತಾರೆ"

ಇದೇ ಸಂದೇಶದ ಜೀವಾಳ. ಇದಕ್ಕೆ ಉತ್ತರ ನಮ್ಮ ಸುತ್ತಲೇ ಇದೆ. ಇಂದಿನ ಬಹುಪಾಲು ಸಲಿಂಗಿಗಳು ಬೆಳೆದದ್ದು ಗಂಡು ಹೆಣ್ಣಿನ ಪ್ರೀತಿಯ ಸಿನಿಮಾ, ಹಾಡು, ಧಾರಾವಾಹಿ ನೋಡಿಯೇ. ಗಂಡು ಹೆಣ್ಣಿನ ಮದುವೆಯ ಮನೆಯಲ್ಲೇ. ಸಾವಿರಾರು ಗಂಟೆ ನೋಡಿದರೂ ಅವರು ಬದಲಾಗಲಿಲ್ಲ. ನೋಡುವುದರಿಂದಲೇ ಆಸಕ್ತಿ ತೀರ್ಮಾನವಾಗುವುದಾದರೆ ಜಗತ್ತಿನಲ್ಲಿ ಸಲಿಂಗಿಗಳೇ ಇರಬಾರದಿತ್ತು.

ವಿಜ್ಞಾನ ಏನು ಹೇಳುತ್ತದೆ? 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು 4.77 ಲಕ್ಷ ಜನರ ಜೀನ್ ಮಾಹಿತಿಯನ್ನು ಪರಿಶೀಲಿಸಿತು. ಸಲಿಂಗಿಗಳನ್ನಾಗಿ ಮಾಡುವ ಒಂದೇ ಒಂದು ಜೀನ್ ಇಲ್ಲ, ಬಹಳಷ್ಟು ಜೀನ್‌ಗಳ ಸಣ್ಣ ಸಣ್ಣ ಪ್ರಭಾವ ಇದೆ, ಆದರೆ ಜೀನ್ ನೋಡಿ ಯಾರು ಹೇಗೆ ಎಂದು ಹೇಳಲಾಗದು ಎಂಬುದು ಅದರ ಫಲಿತಾಂಶ. ಹುಟ್ಟುವ ಮುಂಚಿನ ಮತ್ತು ನಂತರದ ಹಲವು ಸಂಗತಿಗಳು ಸೇರಿ ಇದು ರೂಪುಗೊಳ್ಳುತ್ತದೆ ಎಂದು ವಿಜ್ಞಾನಿಗಳು ತಿಳಿದಿದ್ದಾರೆ. ಯಾರೂ ಕೂತು ಆಯ್ಕೆ ಮಾಡಿಕೊಳ್ಳುವ ವಿಷಯ ಇದಲ್ಲ. ಸಲಿಂಗಿ ದಂಪತಿ ಸಾಕಿದ ಮಕ್ಕಳ ಬಗ್ಗೆಯೂ ಹಲವು ದೇಶಗಳಲ್ಲಿ ಅಧ್ಯಯನ ನಡೆದಿದೆ. ದಿನಾ ಕಣ್ಣೆದುರೇ ಅಂಥ ಸಂಸಾರ ನೋಡಿ ಬೆಳೆದರೂ ಆ ಮಕ್ಕಳಲ್ಲಿ ಬಹುಪಾಲು ಮಂದಿ ಸಲಿಂಗಿಗಳಾಗಿಲ್ಲ. ಹಾಗಿರುವಾಗ ಲೈಟ್‌ಇಯರ್‌ನ ಒಂದು ಮುತ್ತು ಏನು ಮಾಡೀತು?

"ಹಾಗಾದರೆ ಮೊದಲು ಇಲ್ಲದ್ದು ಈಗ ಯಾಕೆ ಜಾಸ್ತಿ?" ಎಂದು ಕೆಲವರು ಕೇಳುತ್ತಾರೆ. ನಮ್ಮ ಹಿರಿಯರನ್ನು ಎಡಗೈ ಬಗ್ಗೆ ಕೇಳಿ ನೋಡಿ. ಎಡಗೈಯಲ್ಲಿ ಬಳಪ ಹಿಡಿದರೆ ಮಾಸ್ತರರು ಕೈ ಮೇಲೆ ಬೆತ್ತ ಬೀಸುತ್ತಿದ್ದ ಕಾಲವಿತ್ತು. ಆಗ ಎಡಚರು ಕಡಿಮೆ ಕಾಣುತ್ತಿದ್ದರು. ಹೊಡೆಯುವುದು ನಿಂತ ದೇಶಗಳಲ್ಲಿ ಎಡಚರ ಲೆಕ್ಕ ಏರಿತು, ಒಂದು ಮಟ್ಟಕ್ಕೆ ಬಂದು ನಿಂತಿತು. ಎಡಚತನ ಹರಡಲಿಲ್ಲ, ಬಚ್ಚಿಡುವುದು ನಿಂತಿತು.

ಸಿನಿಮಾದಿಂದ ಆಗುವುದು ಇಷ್ಟು: ತನ್ನಂಥವರು ಜಗತ್ತಿನಲ್ಲಿ ಇನ್ಯಾರೂ ಇಲ್ಲ ಎಂದುಕೊಂಡಿದ್ದ ಹುಡುಗನಿಗೆ, ಇದ್ದಾರೆ ಎಂದು ಗೊತ್ತಾಗುತ್ತದೆ.

ಮಾತು 4: "ಇದು ರೋಗ, ಬೇಗ ತೋರಿಸಿದರೆ ಗುಣವಾಗುತ್ತದೆ"

ಈ ಸಂದೇಶದಲ್ಲಿ ನಿಜಕ್ಕೂ ಅಪಾಯಕಾರಿಯಾದ ಸಾಲು ಇದು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಾಸಕ್ತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ತೆಗೆಯಿತು. ಇದು ರೋಗವಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಸ್ಪಷ್ಟವಾಗಿ ಹೇಳಿತು. ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ, ಸಲಿಂಗಿಗಳನ್ನು "ಬದಲಾಯಿಸುವ" ಚಿಕಿತ್ಸೆ ವೈದ್ಯರ ವೃತ್ತಿ ದುರ್ನಡತೆ ಎಂದು ಘೋಷಿಸಿತು. ಹಾಗೆ ಮಾಡುವ ವೈದ್ಯರ ಮೇಲೆ ಕ್ರಮ ಕೈಗೊಳ್ಳಬಹುದು.

ಶಾಕ್ ಕೊಡಿಸುವುದು, ಔಷಧ ನುಂಗಿಸುವುದು, ಬಲವಂತವಾಗಿ ಮದುವೆ ಮಾಡಿಸುವುದು, ಹರಕೆ ಹೊತ್ತು ಉಪವಾಸ ಕೆಡವುವುದು. ಇವುಗಳಿಂದ ಆಸಕ್ತಿ ಬದಲಾಗುವುದಿಲ್ಲ. ಖಿನ್ನತೆ, ಆತ್ಮಹತ್ಯೆಯ ಯೋಚನೆ ಹೆಚ್ಚುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಬಲವಂತದ ಮದುವೆಯಲ್ಲಿ ಇನ್ನೊಂದು ಮನೆಯ ಮಗಳ ಬಾಳೂ ಹಾಳಾಗುತ್ತದೆ ಎಂಬುದನ್ನು ಮರೆಯಬೇಡಿ.

1992ರ ಸ್ಟಾರ್ ಟ್ರೆಕ್‌ನ ಒಂದು ಕಂತು ಇದನ್ನೇ ಹೇಳಿತ್ತು. ಗಂಡು, ಹೆಣ್ಣು ಎಂಬ ಭೇದವೇ ಇಲ್ಲದ ಗ್ರಹದಲ್ಲಿ ಒಬ್ಬರು ತಾನು ಹೆಣ್ಣು ಎಂದು ಹೇಳಿಕೊಳ್ಳುತ್ತಾರೆ. ಆ ಸಮಾಜ ಅವರನ್ನು ಹಿಡಿದು "ಚಿಕಿತ್ಸೆ" ಕೊಡುತ್ತದೆ. ಕೊನೆಗೆ ಆ ವ್ಯಕ್ತಿ, ನನಗೆ ವಾಸಿಯಾಯಿತು ಎಂದಾಗ ನೋಡುವವರಿಗೆ ಎದೆ ಝಲ್ಲೆನ್ನುತ್ತದೆ. ಗ್ರಹ ಬೇರೆ, ಚಿಕಿತ್ಸೆ ನಮ್ಮದೇ. ನೇರವಾಗಿ ಹೇಳಲಾಗದ್ದನ್ನು ಬೇರೆ ಗ್ರಹಕ್ಕೆ ಸಾಗಿಸಿ ಹೇಳುವುದು ಸೈನ್ಸ್ ಫಿಕ್ಷನ್‌ನ ಹಳೆಯ ಜಾಣತನ.

ಮಾತು 5: "ನಮ್ಮ ದೇಶದಲ್ಲಿ ಇದು ಅಪರಾಧ"

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ನಡುವಿನ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ನೀಡಿತು. ಸಲಿಂಗಿಗಳ ಮದುವೆಗೆ ಮಾತ್ರ ಕಾನೂನಿನ ಮಾನ್ಯತೆ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಕೋರ್ಟು ಅದನ್ನು ಸಂಸತ್ತಿಗೆ ಬಿಟ್ಟಿತು. ಆದ್ದರಿಂದ "ಅಪರಾಧ" ಎಂಬ ಸಂದೇಶ ಸುಳ್ಳು, "ಮದುವೆ ಕಾನೂನುಬದ್ಧ ಆಗಿದೆ" ಎಂಬ ಸಂದೇಶವೂ ಸುಳ್ಳು.

ಕನ್ನಡದಲ್ಲಿ ಇಂಥ ಕತೆಗಳು ಇವೆಯೇ?

ಕನ್ನಡದಲ್ಲಿ ಸೈನ್ಸ್ ಫಿಕ್ಷನ್ ಸಿನಿಮಾಗಳೇ ಕಡಿಮೆ. 2024ರಲ್ಲಿ ಕಾಲಯಾನದ ಕತೆಯಿರುವ ಬ್ಲಿಂಕ್ ಬಂತು, ಭವಿಷ್ಯದ ಕತೆಯಿರುವ ಉಪೇಂದ್ರ ಅವರ ಯುಐ ಬಂತು. ಸಲಿಂಗಿ ಪಾತ್ರ ಎಂದರೆ ಬಹಳ ಕಾಲ ನಮ್ಮ ಸಿನಿಮಾಗಳಲ್ಲಿ ಇದ್ದದ್ದು ಸೊಂಟ ಬಳುಕಿಸಿ ನಗಿಸುವ ಹಾಸ್ಯ ಪಾತ್ರ ಮಾತ್ರ. ಆ ಪಾತ್ರ ನೋಡಿ ನಕ್ಕವರು ಮರುದಿನ ಶಾಲೆಯಲ್ಲಿ ಮೆದು ದನಿಯ ಹುಡುಗನನ್ನು ಅದೇ ಹೆಸರಿಂದ ಕೂಗುತ್ತಿದ್ದರು. ಸಿನಿಮಾದಿಂದ ಮಕ್ಕಳು ಏನು ಕಲಿಯುತ್ತಾರೆ ಎಂದು ಚಿಂತಿಸುವವರು ಈ ಕಲಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗಂಭೀರವಾದ ಪ್ರಯತ್ನಗಳೂ ಆಗಿವೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕತೆ ಆಧರಿಸಿ ಬಿ.ಎಸ್. ಲಿಂಗದೇವರು ಮಾಡಿದ ನಾನು ಅವನಲ್ಲ ಅವಳು ಚಿತ್ರದ ನಟನೆಗಾಗಿ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಅದು ಲಿಂಗತ್ವ ಅಲ್ಪಸಂಖ್ಯಾತರ ಕತೆ. ಗೇ ಗಂಡಸಿನ ಬದುಕನ್ನು ಕನ್ನಡದಲ್ಲಿ ನೇರವಾಗಿ ಹೇಳಿದ್ದು ಸಿನಿಮಾಕ್ಕಿಂತ ಮೊದಲು ಪುಸ್ತಕ. 2013ರಲ್ಲಿ ವಸುಧೇಂದ್ರ ಅವರ ಮೋಹನಸ್ವಾಮಿ ಕಥಾ ಸಂಕಲನ ಬಂತು. ಲೇಖಕರು ತಾವು ಗೇ ಎಂದು ಬಹಿರಂಗವಾಗಿಯೇ ಹೇಳಿದ್ದಾರೆ. ಅವರ ಊರು ಬಳ್ಳಾರಿ ಜಿಲ್ಲೆಯ ಸಂಡೂರು, ನಮ್ಮಿಂದ ತುಂಗಭದ್ರೆಯ ಆಚೆ ದಂಡೆ. ವಿದೇಶದಿಂದ ಬಂದ ಗಾಳಿ ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಪಾಲಕರು ಏನು ಮಾಡಬಹುದು?

• ವಯಸ್ಸಿನ ಗುರುತು ನೋಡಿ. 2021ರ ನಿಯಮಗಳ ಪ್ರಕಾರ ಒಟಿಟಿ ಕಾರ್ಯಕ್ರಮಗಳ ಮೇಲೆ ಯು, ಯು/ಎ 7+, 13+, 16+, ಎ ಎಂಬ ಗುರುತು ಇರಬೇಕು. ದಿ ಲಾಸ್ಟ್ ಆಫ್ ಅಸ್, ಬ್ಲ್ಯಾಕ್ ಮಿರರ್ ದೊಡ್ಡವರಿಗಾಗಿ ಮಾಡಿದವು. ಹಿಂಸೆ, ಭಯ ಅವುಗಳಲ್ಲಿ ಬೇಕಾದಷ್ಟಿದೆ. ಚಿಕ್ಕ ಮಕ್ಕಳಿಗೆ ತೋರಿಸಬೇಡಿ.
• ಆ್ಯಪ್‌ನಲ್ಲಿ ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ, ದೊಡ್ಡವರ ಪ್ರೊಫೈಲ್‌ಗೆ ಪಿನ್ ಹಾಕಿ.
• ಮಗು ಪ್ರಶ್ನೆ ಕೇಳಿದರೆ ಗದರಬೇಡಿ. "ಕೆಲವು ಮನೆಗಳಲ್ಲಿ ಇಬ್ಬರು ಅಪ್ಪಂದಿರು ಇರುತ್ತಾರೆ" ಎಂದರೆ ಏಳು ವರ್ಷದ ಮಗುವಿಗೆ ಅಷ್ಟು ಸಾಕು.
• ನಿಮ್ಮ ಮಗ ಅಥವಾ ಮಗಳು "ನಾನು ಹೀಗಿದ್ದೇನೆ" ಎಂದು ಹೇಳಿದರೆ, ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಅವರನ್ನು ಮನೆಯಿಂದ ಹೊರಗೆ ಹಾಕಬೇಡಿ, ಊರಿಗೆಲ್ಲ ಹೇಳಬೇಡಿ.
• ಮನಸ್ಸಿಗೆ ಕಷ್ಟವಾಗಿದ್ದರೆ, ಮಕ್ಕಳಿಗಾಗಲಿ ನಿಮಗಾಗಲಿ, ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ

ನಿಮ್ಮ ಗ್ರೂಪ್‌ನಲ್ಲಿ ಎಷ್ಟು ಜನ ಇದ್ದಾರೆ? ಮನೆತನದ ಗ್ರೂಪ್, ಹತ್ತನೇ ಕ್ಲಾಸಿನ ಗೆಳೆಯರ ಗ್ರೂಪ್, ಓಣಿಯ ಗಣೇಶ ಮಂಡಳಿಯ ಗ್ರೂಪ್. ನೂರು, ಇನ್ನೂರು ಮಂದಿ ಇರುವ ಕಡೆ ಒಬ್ಬರಾದರೂ ಸಲಿಂಗಿ ಇರುವ ಸಾಧ್ಯತೆ ಹೆಚ್ಚು. ಅವರು ಏನೂ ಉತ್ತರಿಸುವುದಿಲ್ಲ. "ಇಂಥವರನ್ನು ಊರಿಂದ ಓಡಿಸಬೇಕು" ಎಂಬ ಸಂದೇಶಕ್ಕೆ ಚಿಕ್ಕಪ್ಪ ಹಾಕಿದ ಕೈಮುಗಿಯುವ ಇಮೋಜಿಯನ್ನು ಓದಿ, ಫೋನ್ ಕೆಳಗಿಡುತ್ತಾರೆ. ಮನೆಯಲ್ಲಿ ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು ಎಂದು ಅವರು ತೀರ್ಮಾನ ಮಾಡುವುದು ಇಂಥ ಸಂದೇಶಗಳನ್ನು ನೋಡಿಯೇ.

ಆ ಸಂದೇಶ ಮತ್ತೆ ಬಂದರೆ ಅಲ್ಲಿಗೇ ನಿಲ್ಲಿಸಿ. ಕಳಿಸಿದವರಿಗೆ ಈ ಲೇಖನ ಕಳಿಸಿ.